ಕಿವಿಯಿಲ್ಲದ ಪೆಟ್ಟಿಗೆ

ಜೋಲ್ಚುಗೆ ಮನುಷ್ಯರ ಮೇಲೆ ಸಿಟ್ಟು ಬರುವುದು ಅಪರೂಪ. ಬೆಸುಗೆ ಹಿಡಿಯದ ತಂತಿ, ತಪ್ಪು ತೋರಿಸುವ ಮೀಟರು, ತಲೆ ಸವೆದ ತಿರುಪು, ಇವುಗಳ ಮೇಲೆ ಬರುತ್ತದೆ. ಆದರೆ ಆ ವರ್ಷ ಮಾರ್ಚಿನಿಂದ ಆಗಸ್ಟಿನವರೆಗೆ ಅವನಿಗೆ ಮನುಷ್ಯರ ಮೇಲೂ ಸಿಟ್ಟು ಬಂತು. ಆ ಮನುಷ್ಯರಲ್ಲಿ ನಾನೂ ಒಬ್ಬಳು.

ಹತ್ತೊಂಬತ್ತನೆಯ ವಯಸ್ಸಿಗೆ ಅವನು ತುಯುಕ್-ಬುಲಾಕ್ ಎಂಬ ಬೆಟ್ಟದ ಹಳ್ಳಿಯಿಂದ ರಾಜಧಾನಿ ಬಿಷ್ಕೆಕ್‌ಗೆ ಬಂದು, ರೈಲು ಹಳಿಯ ಆಚೆಗಿದ್ದ ಉಪಕರಣಗಳ ಕಾರ್ಖಾನೆ ಸೇರಿದ. ಸಂಜೆ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಯಾದ. ವಿದ್ಯುತ್ ಅಳತೆಯ ವಿಷಯದಲ್ಲಿ ಎರಡು ಸಲ ಫೇಲಾದ. ಲೆಕ್ಕ ಅವನ ತಲೆಗೆ ಹತ್ತುತ್ತಿರಲಿಲ್ಲ, ಕೈಗೆ ಮಾತ್ರ ಎಲ್ಲವೂ ಗೊತ್ತಿತ್ತು. ಮೂರನೆಯ ಸಲ ನಾನು ಪ್ರಯೋಗ ಪರೀಕ್ಷೆಯ ಅಂಕಗಳನ್ನು ನೋಡಿ ಪಾಸು ಮಾಡಿದೆ. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ.

ಕಾರ್ಖಾನೆಯಲ್ಲಿ ಅವನ ಕೆಲಸ ಹೊಂದಿಸುವುದು. ಜೋಡಣೆಯಾಗಿ ಬಂದ ಪ್ರತಿಯೊಂದು ಬೋರ್ಡಿನ ಮೇಲೂ ಕಡಲೆಕಾಳಿನಷ್ಟು ಗಾತ್ರದ ತಿರುಪುಗಳಿರುತ್ತಿದ್ದವು. ತಿರುಪಿನ ಕೆಳಗೆ ವಿದ್ಯುತ್ತನ್ನು ತಡೆಯುವ ರೋಧದ ಒಂದು ಪಟ್ಟಿ, ಪಟ್ಟಿಯ ಮೇಲೆ ಜಾರುವ ಒಂದು ಮುಳ್ಳು. ತಿರುಪು ತಿರುಗಿದಂತೆ ಮುಳ್ಳು ಜಾರಿ ವೋಲ್ಟೇಜನ್ನು ಬೇಕಾದ ಪ್ರಮಾಣದಲ್ಲಿ ಭಾಗ ಮಾಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಪೊಟೆನ್ಷಿಯೊಮೀಟರ್ ಎಂದು ಹೆಸರು. ನಮ್ಮ ಜನ ಕಿವಿ ಎನ್ನುತ್ತಾರೆ. ಕೋಮುಜ್ ಎಂಬ ತಂತಿವಾದ್ಯದ ಬಿರಡೆಗೆ ಮೊದಲಿನಿಂದಲೂ ಕಿವಿ ಎಂದೇ ಹೆಸರಿತ್ತು. ರೇಡಿಯೊ ಬಂದಾಗ ಅದರ ಗುಂಡಿಯೂ ಕಿವಿಯಾಯಿತು. ಆಮೇಲೆ ತಿರುಗಿಸಿ ಸರಿಮಾಡುವಂಥದ್ದೆಲ್ಲ ಕಿವಿಯೇ. ಲೋಹ ತಾಗಿದರೆ ಅಳತೆ ಕೆಡುತ್ತದೆಂದು ಜೋಲ್ಚು ಕಾಡುಮೇಕೆಯ ಕೊಂಬಿನಿಂದ ತಾನೇ ಒಂದು ಸ್ಕ್ರೂಡ್ರೈವರ್ ಕೆತ್ತಿಕೊಂಡಿದ್ದ. ಅದರಿಂದ ದಿನಕ್ಕೆ ನೂರು ಕಿವಿ ತಿರುಗಿಸುತ್ತಿದ್ದ. ಸರಿಯಾದ ಮೇಲೆ ತಿರುಪಿನ ತಲೆಗೆ ಕೆಂಪು ಬಣ್ಣದ ಒಂದು ಚುಕ್ಕೆ ಇಡುತ್ತಿದ್ದ. ಬಣ್ಣ ಒಣಗಿದರೆ ತಿರುಪು ಅಲುಗುವುದಿಲ್ಲ. ಯಾರಾದರೂ ಕೈ ಹಾಕಿದರೆ ಬಣ್ಣ ಬಿರುಕು ಬಿಟ್ಟು ಗೊತ್ತಾಗುತ್ತದೆ. ಆ ಚುಕ್ಕೆಯೇ ಅವನ ಸಹಿ. ಹದಿನಾಲ್ಕು ವರ್ಷ ಹಾಗೆ ಸಹಿ ಹಾಕಿದ. ಕಾರ್ಖಾನೆ ಮುಚ್ಚಿತು. ಬಜಾರಿನಲ್ಲಿ ಹತ್ತು ವರ್ಷ ಟೀವಿ ರಿಪೇರಿ ಮಾಡಿದ. ಕೊನೆಗೆ ನದಿ, ಕಾಲುವೆಗಳ ನೀರು ಅಳೆಯುವ ಉಪಕರಣಗಳ ಒಂದು ವರ್ಕ್‌ಶಾಪ್ ಅವನನ್ನು ಕರೆದುಕೊಂಡಿತು. ಈಗ ಐವತ್ತೆಂಟು.

ತುಯುಕ್-ಬುಲಾಕ್‌ನ ಮೇಲೆ, ಕುದುರೆಯಲ್ಲಿ ಎರಡು ದಿನದ ಸುತ್ತುದಾರಿಯಲ್ಲಿ, ಹಿಮದ ಗೋಡೆಯ ಬುಡಕ್ಕೆ ಒಂದು ಸರೋವರವಿದೆ. ಜೂನ್ ಕೊನೆಗೆ ಅದು ತುಂಬುತ್ತದೆ. ಕೆಲವು ವರ್ಷ ಸುಮ್ಮನೆ ಹರಿದುಹೋಗುತ್ತದೆ, ಕೆಲವು ವರ್ಷ ಕಲ್ಲಿನ ಒಡ್ಡು ಒಡೆದುಕೊಂಡು ಒಮ್ಮೆಲೇ ಬರುತ್ತದೆ. ಸರೋವರದಿಂದ ಹಳ್ಳಿಗೆ ಬರಲು ನೀರಿಗೆ ನಲವತ್ತು ನಿಮಿಷ ಸಾಕು. ಹಳ್ಳಿಯ ಅತ್ಯಂತ ಕೆಳಗಿನ ಮನೆ ಜೋಲ್ಚುವಿನ ಅಕ್ಕ ಬುರ್ಮಕಾನಳದು. ವಿಧವೆ, ಅರವತ್ತೇಳು ವರ್ಷ, ಮಂಡಿನೋವು.

ಸರೋವರದ ದಡದಲ್ಲಿ ಹಳೆಯ ಅಳತೆ ಪೆಟ್ಟಿಗೆಯೊಂದಿತ್ತು. ನೀರಿನೊಳಗಿನ ಒತ್ತಡವನ್ನು ಅಳೆದು ಮಟ್ಟವನ್ನು ರೇಡಿಯೊದಲ್ಲಿ ಕೆಳಕ್ಕೆ ಕಳಿಸುತ್ತಿತ್ತು. ಮಟ್ಟ ಮೀರಿದರೆ ಅಥವಾ ಸರ್ರನೆ ಇಳಿದರೆ ಹಳ್ಳಿಯ ಸೈರನ್ ಕೂಗುತ್ತಿತ್ತು. ತೊಂದರೆ ಏನೆಂದರೆ, ಪ್ರತಿ ಚಳಿಗಾಲವೂ ಅದರ ಸೊನ್ನೆ ಜಾಗ ಬಿಟ್ಟು ಸರಿಯುತ್ತಿತ್ತು. ಒಂದು ಗೇಣಿಗಿಂತ ಕಡಿಮೆ, ಆದರೆ ಅಷ್ಟು ಸಾಕು. ಒಬ್ಬರು ಎರಡು ದಿನ ಹತ್ತಿ ಹೋಗಿ ಕಿವಿ ತಿರುಗಿಸಿ ಬರಬೇಕು. ಹೋಗದ ಎರಡು ಬೇಸಿಗೆಗಳಲ್ಲಿ ಸೈರನ್ ನಾಲ್ಕು ಸಲ ಸುಳ್ಳಾಗಿ ಕೂಗಿತು. ನಾಲ್ಕನೆಯ ಸಲ ಒಂದು ಮದುವೆಯ ಊಟದ ನಡುವೆ. ಜನ ಮಾಂಸದ ತಟ್ಟೆಗಳನ್ನು ಹಿಡಿದುಕೊಂಡೇ ಗುಡ್ಡ ಹತ್ತಿ, ಅಲ್ಲೇ ಕೂತು ಊಟ ಮುಗಿಸಿ ಇಳಿದರು. ಮರುದಿನ ಊರಿನ ಮುಖ್ಯಸ್ಥ ಎಸೆಂಗುಲ್ ಕಂಬ ಹತ್ತಿ ಸೈರನ್ನಿನ ತಂತಿ ಕತ್ತರಿಸಿದ.

ಎಸೆಂಗುಲ್ ಮತ್ತು ಜೋಲ್ಚು ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ನಿನ್ನ ಪೆಟ್ಟಿಗೆಗಿಂತ ನಮ್ಮನೆ ಕತ್ತೆ ವಾಸಿ ಕಣೋ," ಎಂದ ಎಸೆಂಗುಲ್. "ಅದು ದಿನಾ ಒಂದೇ ಹೊತ್ತಿಗೆ ಕೂಗುತ್ತೆ."

"ಹೊಸದು ಮಾಡಿ ತರ್ತೀನಿ. ಇಲ್ಲಿಂದಲೇ ಸರಿಮಾಡೋ ಹಾಗೆ."

"ತಾ. ಅದಕ್ಕೆ ಸರ್ಕಾರದ ಪ್ರಮಾಣಪತ್ರ, ಮೊಹರು ಎಲ್ಲಾ ಇರಬೇಕು. ಅದಿಲ್ಲದೆ ತಂತಿ ಕಟ್ಟಲ್ಲ. ಇನ್ನೊಂದು ಸಲ ಸುಳ್ಳು ಕೂಗಿದರೆ ಈ ಜನ ಗುಡ್ಡ ಹತ್ತಲ್ಲ, ನನ್ನ ತಲೆ ಮೇಲೆ ಹತ್ತುತ್ತಾರೆ."

ಹೀಗಾಗಿ ಜೋಲ್ಚುವಿನ ಎದುರಿಗೆ ಒಂದೇ ಕೆಲಸವಿತ್ತು: ಜೂನ್ ಮುಗಿಯುವ ಮೊದಲು ಹೊಸ ಪೆಟ್ಟಿಗೆ, ಪ್ರಮಾಣಪತ್ರದ ಸಮೇತ, ಸರೋವರದ ದಡದಲ್ಲಿರಬೇಕು.

ಮಾರ್ಚಿನಲ್ಲಿ ಅವನು ನನ್ನ ಅಡುಗೆಮನೆಯ ಮೇಜಿನ ಮೇಲೆ ಎಂಟು ಕಾಲಿನ ಮೂರು ಚಿಪ್ಪುಗಳನ್ನಿಟ್ಟ. ಡಿಜಿಟಲ್ ಪೊಟೆನ್ಷಿಯೊಮೀಟರುಗಳು. ತಿರುಪಿಲ್ಲ, ಮುಳ್ಳಿಲ್ಲ. ಒಳಗೆ ಮೆಟ್ಟಿಲುಗಳಂತೆ ಸಾಲಾಗಿ ಸಣ್ಣ ರೋಧಗಳು, ಪ್ರತಿಯೊಂದರ ಪಕ್ಕದಲ್ಲಿ ಒಂದು ಸ್ವಿಚ್ಚು. ಸೊನ್ನೆಯಿಂದ ಇನ್ನೂರೈವತ್ತೈದರವರೆಗಿನ ಒಂದು ಅಂಕಿ ಕಳಿಸಿದರೆ ಆ ಮೆಟ್ಟಿಲಿನ ಸ್ವಿಚ್ಚು ಕೂಡಿಕೊಳ್ಳುತ್ತದೆ. ಅಂಕಿಯನ್ನು ರೇಡಿಯೊದಲ್ಲಿ ಕಳಿಸಬಹುದು. ಕುದುರೆ ಬೇಕಿಲ್ಲ.

"ಎಜೆ, ಈ ಮೂರನ್ನೂ ಅಂಗಡಿಯವನು ಒಂದೇ ಟೇಪಿನ ಸುರುಳಿಯಿಂದ ಕತ್ತರಿಸಿ ಕೊಟ್ಟದ್ದು," ಎಂದ. ನನ್ನನ್ನು ಅವನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. "ಮೂರರ ಮೇಲೂ ಹತ್ತು ಸಾವಿರ ಓಮ್ ಅಂತ ಬರೆದಿದೆ. ಅಳೆದೆ. ಒಂದು ಎಂಟು ಸಾವಿರದ ಆರುನೂರು, ಒಂದು ಒಂಬತ್ತು, ಇನ್ನೊಂದು ಹನ್ನೊಂದೂಕಾಲು. ಇದನ್ನ ನಮ್ಮ ಕಾರ್ಖಾನೇಲಿ ಮಾಡಿದ್ದಿದ್ದರೆ ಮೇಸ್ತ್ರಿ ಕಪಾಳಕ್ಕೆ ಹೊಡೀತಿದ್ದ."

"ಅದು ಚಿಪ್ಪಿನ ವಿವರದ ಕಾಗದದಲ್ಲೇ ಬರೆದಿದೆ. ನೂರಕ್ಕೆ ಇಪ್ಪತ್ತು ಹೆಚ್ಚುಕಡಿಮೆ. ಓದಿದೆಯಾ?"

"ಓದಿದೆ. ನಂಬಲಿಲ್ಲ."

"ಒಟ್ಟು ರೋಧ ನಂಬಬೇಡ, ಮೆಟ್ಟಿಲುಗಳ ಪಾಲು ನಂಬು. ಎಲ್ಲ ರೋಧಗಳೂ ಒಟ್ಟಿಗೆ ಹೆಚ್ಚುಕಡಿಮೆಯಾಗುತ್ತವೆ. ನೂರನೆಯ ಮೆಟ್ಟಿಲು ಎಲ್ಲದರಲ್ಲೂ ಒಟ್ಟಿನ ಅಷ್ಟೇ ಪಾಲು. ಇದನ್ನೇ ನಿನಗೆ ಎರಡು ವರ್ಷ ಕಲಿಸಿದ್ದು."

"ಅದಕ್ಕೇ ಎರಡು ಸಲ ಫೇಲಾದದ್ದು," ಎಂದು ಚಿಪ್ಪುಗಳನ್ನು ಬೆಂಕಿಪೊಟ್ಟಣಕ್ಕೆ ತುಂಬಿಕೊಂಡು ಹೋದ.

ಹತ್ತು ದಿನ ಕಳೆದು ಮತ್ತೆ ಬಂದ. ಹಳೆಯ ಕಿವಿಯಿದ್ದ ಜಾಗಕ್ಕೆ ಹೊಸ ಚಿಪ್ಪನ್ನು ಹಾಗೆಯೇ ಬೆಸೆದಿದ್ದ. ನೀರು ಸೊನ್ನೆಯ ಗುರುತಿಗಿಂತ ಮೇಲಿರುವ ತನಕ ಎಲ್ಲ ಸರಿ. ಗುರುತಿಗಿಂತ ಕೆಳಗಿಳಿದೊಡನೆ ಹುಚ್ಚು ಅಂಕಿ.

"ಹಳೇ ಕಿವಿ ಪಾಪದ್ದು, ಮೇಲೆ ಕೆಳಗೆ ಅಂತ ಕೇಳ್ತಿರಲಿಲ್ಲ," ಎಂದ. "ಇದು ಸೊನ್ನೆಗಿಂತ ಒಂದಿಷ್ಟು ಕೆಳಗೆ ಹೋದರೆ ಸಾಕು, ಮುಖ ತಿರುಗಿಸುತ್ತೆ."

ಹಳೆಯದು ಬರೀ ಇಂಗಾಲದ ಪಟ್ಟಿ, ಎಂಥ ವೋಲ್ಟೇಜ್ ಕೊಟ್ಟರೂ ಸುಮ್ಮನಿರುತ್ತದೆ. ಚಿಪ್ಪಿನೊಳಗಿನ ಸ್ವಿಚ್ಚುಗಳು ತಮಗೆ ಕೊಟ್ಟ ವಿದ್ಯುತ್ತಿನ ಎಲ್ಲೆಯೊಳಗೆ ಮಾತ್ರ ಕೆಲಸ ಮಾಡುತ್ತವೆ. ಸೊನ್ನೆಯ ಕೆಳಗೂ ಇಲ್ಲ, ಐದು ವೋಲ್ಟಿನ ಮೇಲೂ ಇಲ್ಲ. ಇಡೀ ಸಂಕೇತವನ್ನು ಎರಡೂವರೆ ವೋಲ್ಟ್ ಮೇಲಕ್ಕೆ ಎತ್ತಿ ಕೂರಿಸು ಎಂದು ಹೇಳಿದೆ. ಅದಕ್ಕೆ ಬೋರ್ಡಿನ ಅರ್ಧ ಹೊಸದಾಗಿ ಮಾಡಬೇಕಾಯಿತು. ಏಪ್ರಿಲ್ ಹೋಯಿತು.

ಮೂರನೆಯ ಸಲ ಅವನು ಮೆಟ್ಟಿಲಿನ ದೂರು ತಂದ. ಸರೋವರದ ಆಳ ಆರು ಮೀಟರ್. ಅದನ್ನು ಇನ್ನೂರೈವತ್ತಾರು ಮೆಟ್ಟಿಲಾಗಿ ಕಡಿದರೆ ಒಂದೊಂದು ಮೆಟ್ಟಿಲೂ ಎರಡು ಸೆಂಟಿಮೀಟರಿಗಿಂತ ದೊಡ್ಡದು. ಕೊಂಬಿನ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುತ್ತಿದ್ದವನಿಗೆ ನೂರನಲವತ್ತೊಂದರ ನಂತರ ನೂರನಲವತ್ತೆರಡೇ ಎಂಬುದು ಅವಮಾನವಾಗಿ ಕಂಡಿತು.

"ಮಧ್ಯದಲ್ಲಿ ಏನೂ ಇಲ್ಲ ಎಜೆ. ಬೇಕಾದ ಜಾಗ ಅಲ್ಲೇ ಇರುತ್ತೆ, ಅಲ್ಲಿ ನಿಲ್ಲೋಕಾಗಲ್ಲ."

"ಎರಡು ಬದಿಗೂ ಸ್ಥಿರ ರೋಧಗಳನ್ನು ಹಾಕು. ಚಿಪ್ಪು ಇಡೀ ಆರು ಮೀಟರ್ ಯಾಕೆ ಆಳಬೇಕು? ಅರ್ಧ ಮೀಟರ್ ಆಳಲಿ. ಮೆಟ್ಟಿಲು ಎರಡು ಮಿಲಿಮೀಟರಿಗೆ ಇಳಿಯುತ್ತದೆ."

"ಹೊರಗಿನ ರೋಧ ಸೇರಿಸಿದರೆ ನಿಮ್ಮ ಪಾಲಿನ ಲೆಕ್ಕ ಕೆಡುತ್ತಲ್ಲ. ಒಳಗಿಂದು ಎಂಟೋ ಹನ್ನೊಂದೋ ಅನ್ನೋದು ಆವಾಗ ಮುಖ್ಯ ಆಗುತ್ತೆ."

ಅವನು ಹೇಳಿದ್ದು ಸರಿ. ಪ್ರತಿ ಚಿಪ್ಪನ್ನೂ ಅಳೆದು ಅದಕ್ಕೆ ಒಪ್ಪುವ ರೋಧಗಳನ್ನೇ ಆರಿಸಬೇಕು ಎಂದೆ.

"ಹಾಗಾದರೆ ಮತ್ತೆ ಕೈಕೆಲಸವೇ," ಎಂದ. ಆ ವಸಂತದಲ್ಲಿ ಅವನ ಮುಖದಲ್ಲಿ ಸಮಾಧಾನ ಕಂಡದ್ದು ಅದೊಂದೇ ಸಲ.

ಮೇ ಹತ್ತರ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಯಿತು. ವಿದ್ಯುತ್ ಹೋಗಿ ಬಂದರೂ ಕೊನೆಯ ಅಂಕಿಯನ್ನು ನೆನಪಿಡುವ ಚಿಪ್ಪನ್ನು ಆರಿಸಿದ್ದ. ಮಾಂಸದಂಗಡಿಯ ಶೀತಪೆಟ್ಟಿಗೆಯಲ್ಲಿ ಮೂರು ದಿನ ಇಟ್ಟು ಪರೀಕ್ಷಿಸಿದ್ದ. ಕುರಿಯ ತೊಡೆಗಳ ನಡುವೆ ಕೆಂಪು ದೀಪ ಮಿನುಗುವುದನ್ನು ಕಂಡು ಗಿರಾಕಿಗಳು ಹೆದರಿದ್ದರಂತೆ. ನಾನೂ ಅದನ್ನು ಅಳೆದು ನೋಡಿದೆ. ಸರಿಯಾಗಿತ್ತು. ಅವನು ಅದನ್ನು ಅಳತೆ ಉಪಕರಣಗಳಿಗೆ ಪ್ರಮಾಣಪತ್ರ ಕೊಡುವ ಕಚೇರಿಗೆ ಒಯ್ದ. ತಜ್ಞೆಯ ಸಹಿ ಬೇಕೆಂದದ್ದರಿಂದ ನಾನೂ ಹೋದೆ.

ಅಲ್ಲಿನ ಅಧಿಕಾರಿ ಕನಿಶಾಯ್ ಮೂವತ್ತೈದರ ಹೆಂಗಸು. ಅಚ್ಚುಕಟ್ಟು, ಮರ್ಯಾದೆಯವಳು, ಲಂಚ ಮುಟ್ಟುವವಳಲ್ಲ. ಮುಟ್ಟಿದ್ದರೆ ಕೆಲಸ ಬೇಗ ಆಗುತ್ತಿತ್ತು ಎಂದು ಜೋಲ್ಚು ಆಮೇಲೆ ಹೇಳಿದ.

"ಬಾಯ್ಕೆ," ಎಂದಳು ಅವಳು, ಹಿರಿಯಣ್ಣನಿಗೆ ಹೇಳುವಂತೆ, "ಇಪ್ಪತ್ತಮೂರನೇ ಸಾಲು ಖಾಲಿ ಬಿಟ್ಟಿದ್ದೀರಲ್ಲ."

"ಅದರಲ್ಲಿ ಏನಿದೆ ತಂಗಿ?"

"ಹೊಂದಿಸುವ ಕಿವಿಗೆ ಮೊಹರು ಹಾಕಿದೆಯೇ, ಹಾಕಿದ್ದರೆ ಮೊಹರಿನ ಸಂಖ್ಯೆ."

"ಕಿವಿ ಇಲ್ಲ."

"ಕಿವಿ ಇಲ್ಲದ ಉಪಕರಣ ಇರುತ್ತಾ?"

"ನಿಮ್ಮ ಮುಂದೇನೇ ಇದೆ."

"ಮತ್ತೆ ಇದನ್ನ ಹೊಂದಿಸೋದು ಹೇಗೆ?"

"ಅಂಕಿ ಕಳಿಸಿ. ಚಿಪ್ಪಿನ ಒಳಗೆ ಆಗುತ್ತೆ."

"ಹಾಗಾದರೆ ಚಿಪ್ಪೇ ಕಿವಿ. ಅದಕ್ಕೆ ಮೊಹರು ಹಾಕಿ."

"ಚಿಪ್ಪಿನ ಮೇಲೆ ಸೀಸ ಒತ್ತಿದರೆ ಏನು ಬಂತು? ಅದನ್ನ ಯಾರೂ ಕೈಯಲ್ಲಿ ಮುಟ್ಟಲ್ಲ."

ಸಾಲಿನಲ್ಲಿ ಹಿಂದೆ ತಕ್ಕಡಿ ಹಿಡಿದು ನಿಂತಿದ್ದ ಒಬ್ಬ ಮುದುಕ, "ಕಿವಿ ಇಲ್ಲದಿದ್ದರೆ ಒಳ್ಳೇದೇ ಬಿಡಿ, ಬೈದರೂ ಕೇಳಿಸಲ್ಲ," ಎಂದ. ಯಾರೂ ನಗಲಿಲ್ಲ.

"ಇಲ್ಲ ಅಂತ ಬರೆದುಬಿಡಿ ತಂಗಿ."

ಕನಿಶಾಯ್ ಪರದೆಯನ್ನು ಅವನ ಕಡೆ ತಿರುಗಿಸಿ ಗುಂಡಿ ಒತ್ತಿ ತೋರಿಸಿದಳು. "ಇಲ್ಲ ಅಂದರೆ, ಮೊಹರು ಹಾಕಿಸಿಕೊಂಡು ಬನ್ನಿ ಅನ್ನುತ್ತೆ. ಮುಂದಿನ ಸಾಲಿಗೆ ಹೋಗಲ್ಲ. ನಾನು ಬರೆದ ನಿಯಮ ಅಲ್ಲ ಬಾಯ್ಕೆ."

ನಿಯಮ ಯಾರೂ ಬರೆದದ್ದಲ್ಲ ಎಂಬುದು ವಿಚಾರಿಸಿದಾಗ ತಿಳಿಯಿತು. ಹಳೆಯ ರಷ್ಯನ್ ನಿಯಮದಲ್ಲಿ 'ಹೊಂದಿಸುವ ಅಂಗ' ಎಂದಿತ್ತು. ಅಂಗ ಎಂದರೆ ಯಾವುದೂ ಆಗಬಹುದಿತ್ತು. ಹಿಂದಿನ ವರ್ಷ ಎಲ್ಲ ನಿಯಮಗಳನ್ನೂ ನಮ್ಮ ಭಾಷೆಗೆ ತಂದಾಗ, ರೇಡಿಯೊ ಕೇಳಿ ಬೆಳೆದ ಯಾರೋ ಸಜ್ಜನರು ಅಂಗವನ್ನು ಕಿವಿ ಮಾಡಿದ್ದರು. ಅಲ್ಲಿಂದಾಚೆಗೆ ತಿರುಗುವಂಥದ್ದು ಮಾತ್ರ ಹೊಂದಿಸುವಂಥದ್ದು. ಕಚೇರಿ ಅನುವಾದಕರಿಗೆ ಪತ್ರ ಬರೆಯಿತು. ಮೂರು ವಾರದ ಮೇಲೆ ಉತ್ತರ ಬಂತು. ಕಿವಿ ಎಂಬುದು ಶುದ್ಧ ಪದ, ಸಾವಿರ ವರ್ಷ ಹಳೆಯದು ಎಂದು ಕೋಮುಜ್‌ನ ಬಿರಡೆಗಳ ಬಗ್ಗೆ ಎರಡು ಪುಟ. ಚಿಪ್ಪಿನ ಬಗ್ಗೆ ಒಂದು ಅಕ್ಷರವಿಲ್ಲ. ಜೋಲ್ಚು ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಅಲುಗುತ್ತಿದ್ದ ನನ್ನ ಮೇಜಿನ ಕಾಲಿನ ಕೆಳಗೆ ತುರುಕಿದ.

ಜೂನ್ ಹನ್ನೊಂದರಂದು ಕನಿಶಾಯ್ ನಮ್ಮಿಬ್ಬರನ್ನೂ ಕರೆದು ಬಾಗಿಲು ಮುಚ್ಚಿದಳು.

"ನಾನು ಇದನ್ನ ಹೇಳಬಾರದು," ಎಂದಳು. "ಬಾಯ್ಕೆ, ಒಂದು ಹಳೇ ಕಿವಿ ಬೋರ್ಡಿನ ಮೂಲೆಗೆ ಅಂಟಿಸಿ ತನ್ನಿ. ತಂತಿ ಎಲ್ಲಿಗೆ ಹೋಗುತ್ತೆ ಅಂತ ಫಾರಂನಲ್ಲಿ ಕೇಳಿಲ್ಲ. ಮೊಹರು ಒತ್ತಿ ಇವತ್ತೇ ಕೊಡ್ತೀನಿ."

ಜೋಲ್ಚು ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದ. ಮೆಟ್ಟಿಲ ಮೇಲೆ ನಾನು ಅವನನ್ನು ನಿಲ್ಲಿಸಿದೆ.

"ಮಾಡಿಬಿಡು."

"ನೀವು ಹೇಳ್ತಿದ್ದೀರಾ ಎಜೆ?"

"ನಾನೇ ಹೇಳುತ್ತಿದ್ದೇನೆ. ಅಳತೆ ಸರಿಯಾಗಿದೆ, ನಾನು ನೋಡಿದ್ದೇನೆ. ಫಾರಂ ತಪ್ಪಾಗಿದೆ. ತಪ್ಪು ಫಾರಂಗೆ ಸತ್ತ ತಿರುಪು ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಹದಿನಾಲ್ಕನೆಯ ತಾರೀಕಿಗೆ ನೀನು ಸರೋವರದ ಹತ್ತಿರ ಇರುತ್ತೀಯ."

"ಮೊಹರು ಅಂದರೆ ಏನು ಎಜೆ? ಇಲ್ಲಿ ಯಾರೂ ಕೈ ಹಾಕಿಲ್ಲ, ನಾನು ಹೊಣೆ ಅಂತ. ಸತ್ತ ಕಿವಿ ಮೇಲೆ ಕೆಂಪು ಚುಕ್ಕೆ ಇಡೋದಾದರೆ ನಾನು ಹದಿನಾಲ್ಕು ವರ್ಷ ಇಟ್ಟದ್ದೆಲ್ಲ ಏನು?"

"ಅದು ನಿನ್ನ ಗರ್ವ. ಕೆಳಗಿನ ಮನೆಯಲ್ಲಿ ಇರುವವಳು ನಿನ್ನ ಅಕ್ಕ."

ಅವನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ನನ್ನ ಕಡೆ ತಿರುಗಿದ.

"ಇಷ್ಟು ದಿನ ನಾನೂ ಈ ಆಫೀಸಿನವರನ್ನ ಬೈದೆ. ಆದರೆ ಕೇಳೋದು ಸರಿಯಾಗೇ ಕೇಳ್ತಿದ್ದಾರೆ ಎಜೆ, ಮಾತು ತಪ್ಪು ಅಷ್ಟೇ. ಕೆಳಗಿಂದ ಅಂಕಿ ಕಳಿಸೋ ಯಂತ್ರ ಯಾರ ಮನೇಲಿ ಇರುತ್ತೆ? ಎಸೆಂಗುಲ್ ಮನೇಲಿ. ತಂತಿ ಕತ್ತರಿಸಿದವನು ಅವನು. ಇನ್ನೊಂದು ಮದುವೆ ಇದ್ದ ದಿನ ಅವನು ಎರಡು ಅಂಕಿ ಒತ್ತಿ ಸರೋವರಾನೇ ಕೆಳಗಿಳಿಸ್ತಾನೆ. ಮೊಹರು ಹಾಗೇ ಇರುತ್ತೆ, ನಂಬರಿನ ಸಮೇತ. ನಾನು ಇದನ್ನ ಬೀಗ ಇಲ್ಲದೆ ಮಾಡಿದ್ದೀನಿ."

ಅದು ನಿಜ. ಮೂರು ತಿಂಗಳಲ್ಲಿ ನನಗೂ ಹೊಳೆದಿರಲಿಲ್ಲ. ಆದರೂ ಈ ವರ್ಷ ಸತ್ತ ತಿರುಪಿನೊಂದಿಗೆ ಹೋಗು, ಮುಂದಿನ ವರ್ಷ ಬೀಗ ಮಾಡು ಎಂದೆ. ಅವನು ಒಪ್ಪಲಿಲ್ಲ. ಒಂದು ವಾರ ಕೊಡಿ ಎಂದ. ನಾನು ಕೊಡುವುದಕ್ಕೆ ಅದು ನನ್ನ ವಾರವಾಗಿರಲಿಲ್ಲ.

ಅವನು ಮಾಡಿದ್ದು ಇಷ್ಟು. ನೆನಪಿರುವ ಚಿಪ್ಪಿನ ಒಂದು ಕಾಲು ಬೀಗದ ಕಾಲು. ಅದನ್ನು ಸೊನ್ನೆ ವೋಲ್ಟಿನ ತಂತಿಗೆ ಕಟ್ಟಿದರೆ ಒಳಗಿನ ಅಂಕಿಯನ್ನು ಯಾರೂ ಬದಲಿಸಲಾಗದು. ಆ ಕಾಲಿಗೆ ಒಂದು ತಿರುಪು ಸ್ವಿಚ್ಚು ಹಾಕಿದ. ತಿರುಪು ಬಿಗಿದಿದ್ದರೆ ಬೀಗ, ಸಡಿಲಿಸಿದರೆ ಮಾತ್ರ ತೆರೆಯುತ್ತದೆ. ಮೊಹರು ಆ ತಿರುಪಿನ ಮೇಲೆ. ಆದರೆ ಅದಕ್ಕೆ ಬೀಗ ಬಿದ್ದರೆ ದೂರದಿಂದ ಸರಿಮಾಡುವುದು ಹೇಗೆ? ಅದಕ್ಕೆ ಎರಡನೆಯ ಚಿಪ್ಪು, ನೆನಪಿಲ್ಲದ್ದು. ವಿದ್ಯುತ್ ಬಂದಾಗಲೆಲ್ಲ ಅದು ನಡುಮೆಟ್ಟಿಲಿನಲ್ಲಿ ಎಚ್ಚರವಾಗುತ್ತದೆ. ನಡುಮೆಟ್ಟಿಲು ಎಂದರೆ ಯಾವ ತಿದ್ದುಪಡಿಯೂ ಇಲ್ಲ ಎಂದು ಅರ್ಥ. ಅದಕ್ಕೆ ಎರಡು ಬದಿಯಲ್ಲೂ ರೋಧಗಳ ಬೇಲಿ ಹಾಕಿ, ಮೇಲಕ್ಕೊಂದು ಗೇಣು, ಕೆಳಕ್ಕೊಂದು ಗೇಣು ಮಾತ್ರ ಬಿಟ್ಟ. ಎಸೆಂಗುಲ್ ಏನೇ ಒತ್ತಿದರೂ ಸರೋವರವನ್ನು ಒಂದು ಗೇಣಿಗಿಂತ ಹೆಚ್ಚು ಅಲುಗಿಸಲಾರ. ಕೆಳಗಿನ ಯಂತ್ರ ಗಂಟೆಗೊಮ್ಮೆ ಅಂಕಿಯನ್ನು ಮತ್ತೆ ಕಳಿಸುತ್ತದೆ, ಕಳಿಸಿದ್ದನ್ನೆಲ್ಲ ಬರೆದಿಡುತ್ತದೆ. ವಿನ್ಯಾಸ ಚೆನ್ನಾಗಿತ್ತು. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿತ್ತು.

ವಾರದಲ್ಲಿ ಮುಗಿಯಲಿಲ್ಲ. ಎರಡನೆಯ ಚಿಪ್ಪು ಪಟ್ಟಣದಲ್ಲಿ ಸಿಗದೆ ಗಡಿಯಾಚೆಯ ಅಲ್ಮಾಟಿಯಿಂದ ತರಿಸಬೇಕಾಯಿತು. ಗಡಿಯಲ್ಲಿ ಎರಡು ದಿನ ನಿಂತಿತು. ಮತ್ತೆ ಮಾಂಸದಂಗಡಿ, ಮತ್ತೆ ಶೀತಪೆಟ್ಟಿಗೆ. ಒಟ್ಟು ಒಂಬತ್ತು ದಿನ. ಕನಿಶಾಯ್ ತಿರುಪನ್ನು ನೋಡಿ, "ಇದು ನಿಜವಾದ ಕಿವೀನಾ, ಅಂಟಿಸಿದ್ದಾ?" ಎಂದು ಕೇಳಿದಳು.

"ತಿರುಗಿಸಿ ನೋಡಿ ತಂಗಿ."

ಅವಳು ತಿರುಗಿಸಲಿಲ್ಲ. ಇಪ್ಪತ್ತೆರಡರಂದು ಪ್ರಮಾಣಪತ್ರ ಕೈಗೆ ಬಂತು.

ಇಪ್ಪತ್ತಮೂರರ ಬೆಳಿಗ್ಗೆ ಅವನು ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ಇಟ್ಟುಕೊಂಡು ಹೊರಟ. ಮಧ್ಯಾಹ್ನ ತುಯುಕ್-ಬುಲಾಕ್ ತಲುಪಿದ. ಎಸೆಂಗುಲ್‌ನ ಅಂಗಳದಲ್ಲಿ ಎರಡು ಕುದುರೆಗಳಿಗೆ ಜೀನು ಹಾಕುತ್ತಿದ್ದರು. ಎಸೆಂಗುಲ್ ಪ್ರಮಾಣಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, "ಈಗ ಸರಿ, ನೀನು ಮೇಲೆ ಹತ್ತು, ನಾನು ಕಂಬ ಹತ್ತಿ ತಂತಿ ಕಟ್ಟಿರ್ತೀನಿ," ಎಂದ. ಚಹಾ ಕುಡಿದುಹೋಗು ಎಂದ. ಜೋಲ್ಚು ಬಟ್ಟಲು ಕೈಗೆ ತೆಗೆದುಕೊಂಡಿದ್ದ. ಆಗ ಕಣಿವೆಯ ಮೇಲಿನಿಂದ ಸದ್ದು ಕೇಳಿಸಿತು. ನೀರಿನ ಸದ್ದಲ್ಲ, ಕಲ್ಲುಗಳದ್ದು.

ಓಡುವುದಕ್ಕೆ ಸಿಕ್ಕಿದ್ದು ನಾಲ್ಕು ನಿಮಿಷ. ಜೋಲ್ಚು ಅಕ್ಕನ ಮನೆಗೆ ಓಡಿದ. ಬುರ್ಮಕಾನ್ ಅಂಗಳದಲ್ಲಿ ನಿಂತು ಕೊಟ್ಟಿಗೆಯ ಅಗಳಿ ತೆಗೆಯುತ್ತಿದ್ದಳು. ಅವನು ಅವಳನ್ನು ಸೊಂಟ ಹಿಡಿದು ಎಳೆದ. ಅವಳು ಅವನ ಕೈಗೆ ಹೊಡೆದಳು. ಇಬ್ಬರೂ ಗುಡ್ಡದ ಬುಡದಲ್ಲಿ ಬಿದ್ದರು, ಎದ್ದರು, ಹತ್ತಿದರು. ಕೆಸರಿನ ಪ್ರವಾಹ ಕಾಲುವೆಯ ಸೇತುವೆ, ಹತ್ತು ಮನೆಗಳ ಆಲೂಗಡ್ಡೆ ಹೊಲ, ಬುರ್ಮಕಾನಳ ಕೊಟ್ಟಿಗೆ, ಒಳಗಿದ್ದ ಎರಡು ಹಸು, ಒಂದು ಕರು, ಎಲ್ಲವನ್ನೂ ಒಯ್ದಿತು. ಯಾರೂ ಸಾಯಲಿಲ್ಲ. ಪಕ್ಕದ ಮನೆಯವನೊಬ್ಬನ ತೋಳು ಮುರಿಯಿತು.

ಎರಡು ದಿನದ ಮೇಲೆ ಅವನು ನನ್ನ ಮನೆಗೆ ಬಂದ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ನೀವು ಹೇಳಿದ ಹಾಗೆ ಮಾಡಿದ್ದಿದ್ದರೆ ಹದಿನಾಲ್ಕಕ್ಕೇ ಅದು ಮೇಲೆ ಇರ್ತಿತ್ತು."

"ಇರುತ್ತಿತ್ತು."

"ಸೈರನ್ ಕೂಗ್ತಿತ್ತು. ನಲವತ್ತು ನಿಮಿಷ ಸಿಗ್ತಿತ್ತು. ಹಸುಗಳನ್ನ ಹೊಡಕೊಂಡು ಹೋಗಬಹುದಿತ್ತು."

"ಹೌದು."

ಅಲ್ಲ ಎಂದು ನಾನು ಹೇಳಲಿ ಎಂದು ಅವನು ಕಾಯುತ್ತಿದ್ದ. ಅವನು ತಪ್ಪು ಮಾಡಿದನೆಂದು ನಾನು ಎಣಿಸಿರಲಿಲ್ಲ, ಸರಿ ಮಾಡಿದನೆಂದೂ ಅಲ್ಲ. ಎರಡರಲ್ಲಿ ಯಾವುದನ್ನು ಹೇಳಲೂ ಸಾಕಷ್ಟು ಆಧಾರ ನನ್ನ ಬಳಿ ಇರಲಿಲ್ಲ. ಈಗಲೂ ಇಲ್ಲ. ಅವನು ಬಂದ ಹಾಗೇ ಹೋದ. ಒಂದು ತಿಂಗಳು ನನ್ನ ಮನೆಯ ಕಡೆ ಸುಳಿಯಲಿಲ್ಲ.

ಕುದುರೆ ದಾರಿ ಎರಡು ಕಡೆ ಕೊಚ್ಚಿಹೋಗಿತ್ತು. ಆಗಸ್ಟಿನಲ್ಲಿ ಹೊಸ ದಾರಿ ಕಡಿದ ಮೇಲೆ ಅವನು ಹತ್ತಿ, ಮೂರರಲ್ಲಿ ಒಂದು ಪಾಲು ಮಾತ್ರ ಉಳಿದಿದ್ದ ಸರೋವರದ ದಡದಲ್ಲಿ ಪೆಟ್ಟಿಗೆ ಕೂರಿಸಿದ. ಮುಂದಿನ ವರ್ಷ ಅದು ಮತ್ತೆ ತುಂಬುತ್ತದೆ. ಇಳಿದು ಬಂದವನು ಫೋನು ಮಾಡಿ, ಕೆಳಗಿನ ಯಂತ್ರವನ್ನು ಒಮ್ಮೆ ನೋಡಿ ಸಹಿ ಹಾಕಬೇಕು ಎಂದ. ನಾನು ಹೋದೆ. ಊರಿನ ಜನ ಯಂತ್ರವನ್ನು ಎಸೆಂಗುಲ್‌ನ ಮನೆಯಲ್ಲಿಡಲು ಒಪ್ಪದೆ ಬುರ್ಮಕಾನಳ ಮನೆಯಲ್ಲಿ ಇಡಿಸಿದ್ದರು. ನೀರು ಮೊದಲು ಮುಟ್ಟುವುದು ಅವಳನ್ನೇ, ಅವಳು ನಿದ್ದೆ ಮಾಡುವುದಿಲ್ಲ ಎಂಬುದು ಅವರ ವಾದ.

ಬುರ್ಮಕಾನ್ ನಮಗೆ ಹಾಲು ಹಾಕಿದ ಚಹಾ ಕೊಟ್ಟು ಎದುರಿಗೇ ಕೂತಳು. ತಮ್ಮನನ್ನು ಅವಳು ಎರಡು ತಿಂಗಳಿನಿಂದ ಬೈಯುತ್ತಿದ್ದಳು, ಅತಿಥಿಗಳ ಎದುರಿಗೂ ಅದನ್ನು ಬಿಡುವ ಅಭ್ಯಾಸ ಅವಳದಲ್ಲ.

"ಕಿವಿಯೋ ಮೂಗೋ, ಏನೋ ಒಂದು ಅಂಟಿಸಿಕೊಂಡು ಬರಬಾರದಿತ್ತಾ," ಎಂದಳು ನನಗೆ. "ಆ ಆಫೀಸಿನ ಹುಡುಗಿಗೆ ಇದ್ದ ಬುದ್ಧಿ ಇವನಿಗೆ ಇಲ್ಲ. ಓದಿಸಿದ್ದು ನೀವೇ ಅಂತೆ."

"ಎರಡು ಸಲ ಫೇಲು ಮಾಡಿದೆ," ಎಂದೆ.

"ಮೂರನೇ ಸಲಾನೂ ಮಾಡಬೇಕಿತ್ತು."

ಜೋಲ್ಚು ಕೇಳಿಸಿಕೊಳ್ಳಲಿಲ್ಲ, ಅಥವಾ ಹಾಗೆ ನಟಿಸಿದ. ಮೇಲಿದ್ದಾಗ ಅವನು ದಡದ ಅಳತೆಕೋಲಿನಲ್ಲಿ ಓದಿಕೊಂಡು ಬಂದಿದ್ದ ಮಟ್ಟಕ್ಕಿಂತ ಯಂತ್ರ ಅದೇ ಹೊತ್ತಿಗೆ ಬರೆದಿಟ್ಟ ಮಟ್ಟ ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಇಪ್ಪತ್ತು ಮೆಟ್ಟಿಲು ಇಳಿಸಬೇಕು. ನಡುಮೆಟ್ಟಿಲಾದ ನೂರಿಪ್ಪತ್ತೆಂಟನ್ನು ಅಳಿಸಿ ನೂರೆಂಟು ಎಂದು ಒತ್ತಿದ. ನಾವು ಕಾದೆವು. ಒಂದು ನಿಮಿಷದ ಮೇಲೆ ಪರದೆಯ ಮೇಲಿನ ಮಟ್ಟ ನಾಲ್ಕು ಸೆಂಟಿಮೀಟರ್ ಇಳಿದು ನಿಂತಿತು.

"ಆಯ್ತಾ?" ಎಂದಳು ಬುರ್ಮಕಾನ್.

"ಆಯ್ತು."

"ಎರಡು ದಿನ ಹತ್ತಿ ಹೋಗಿ ಮಾಡ್ತಿದ್ದದ್ದು ಇದೇನಾ?"

"ಇದೇ."

ಅವಳು ಪರದೆಯ ಕಡೆ ಬಾಗಿದಳು. "ಇಷ್ಟಕ್ಕಾ ನನ್ನ ಕೊಟ್ಟಿಗೆ ಹೋದದ್ದು?"

"ಇದಕ್ಕಲ್ಲ ಎಜೆ," ಎಂದ ಜೋಲ್ಚು ಅಕ್ಕನಿಗೆ. "ಇದು ಆವತ್ತು ನನ್ನ ಕಾರಿನಲ್ಲೇ ಇತ್ತು. ಕೊಟ್ಟಿಗೆ ಹೋದದ್ದು ನಾನು ತಡ ಮಾಡಿದ್ದಕ್ಕೆ."

"ಅದನ್ನ ನಿನ್ನ ಬಾಯಿಂದ ಕೇಳಬೇಕಿತ್ತು," ಎಂದು ಅವಳು ಬಟ್ಟಲುಗಳನ್ನು ಎತ್ತಿಕೊಂಡಳು. "ನಾಳೆ ಪಟ್ಟಣದಿಂದ ಹಲಗೆ ತಗೊಂಡು ಬಾ. ಗೋಡೆ ನೀನೇ ಕಟ್ಟಬೇಕು. ಕೂಲಿಯವರನ್ನ ಕರೀಬೇಡ."

ನಾನು ಕಾಗದಕ್ಕೆ ಸಹಿ ಹಾಕಿದೆ. ಅವನು ಆ ವರ್ಷದ ರಜೆಯನ್ನೆಲ್ಲ ತೆಗೆದುಕೊಂಡು ಗೋಡೆ ಕಟ್ಟಿದ. ಹೊಸ ಕೊಟ್ಟಿಗೆ ಹಳೆಯದಕ್ಕಿಂತ ನಲವತ್ತು ಹೆಜ್ಜೆ ಮೇಲಿದೆ. ಮಂಡಿನೋವಿಗೆ ಅಷ್ಟು ದೂರ ಆಗುವುದಿಲ್ಲ ಎಂದು ಬುರ್ಮಕಾನ್ ಈಗಲೂ ಬೈಯುತ್ತಾಳೆ.